ನೋಟಿಸ್‌ನಲ್ಲಿದ್ದ ತಾರೀಖಿಗೆ ಹೈಕೋರ್ಟ್ ಪಟ್ಟಿಯಲ್ಲಿ ಅಪ್ಪನ ಕೇಸೇ ಇಲ್ಲ. ಹೀಗೂ ಆಗುತ್ತಾ?

ಹೊಲದಬದು
ಎಲ್ಲರಿಗೂ ನಮಸ್ಕಾರ. ಕೋರ್ಟು ಗೊತ್ತಿರುವವರು ಸ್ವಲ್ಪ ಹೇಳಿ.

ಲಾರಿ ಗುದ್ದಿ ಅಪ್ಪನ ಬಲಗಾಲು ಹೋಗಿತ್ತು. ಇಲ್ಲಿನ ಎಂಎಸಿಟಿಯಲ್ಲಿ (ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿ) ಪರಿಹಾರದ ಆದೇಶ ಆಯಿತು. ದುಡ್ಡು ಕೈಗೆ ಬರುವ ಮೊದಲೇ ಇನ್ಶೂರೆನ್ಸ್ ಕಂಪನಿಯವರು ‘ಪರಿಹಾರ ಜಾಸ್ತಿ ಆಯಿತು’ ಅಂತ ಧಾರವಾಡ ಪೀಠಕ್ಕೆ ಅಪೀಲು ಹೋಗಿದ್ದಾರೆ. ಅಂಚೆಯಲ್ಲಿ ನೋಟಿಸ್ ಬಂತು. ಎಂಎಫ್‌ಎ (ಹೈಕೋರ್ಟಿನಲ್ಲಿ ಇಂಥ ಅಪೀಲಿನ ಹೆಸರು) ನಂಬರ್ ಇದೆ. ಅಪ್ಪ 1ನೇ ಎದುರುದಾರ, ಲಾರಿ ಮಾಲೀಕ 2ನೇ ಎದುರುದಾರ. ಇಂಥ ದಿನ ಬೆಳಿಗ್ಗೆ 10.30ಕ್ಕೆ ಖುದ್ದಾಗಿ ಇಲ್ಲವೇ ವಕೀಲರ ಮೂಲಕ ಹಾಜರಾಗಿ, ತಪ್ಪಿದರೆ ನಿಮ್ಮನ್ನು ಬಿಟ್ಟು ವಿಚಾರಣೆ ನಡೆಯುತ್ತದೆ ಅಂತ ಬರೆದಿದೆ.

ಹಿಂದಿನ ರಾತ್ರಿ ಹೈಕೋರ್ಟ್ ವೆಬ್‌ಸೈಟ್‌ನಲ್ಲಿ ಕಾಸ್ ಲಿಸ್ಟ್ (ಆ ದಿನ ಕೋರ್ಟ್ ಮುಂದೆ ಬರುವ ಕೇಸುಗಳ ಪಟ್ಟಿ) ತೆಗೆದು ನೋಡಿದೆ. ಯಾವ ಕೋರ್ಟ್ ಹಾಲ್‌ನಲ್ಲೂ ನಮ್ಮ ನಂಬರ್ ಇಲ್ಲ. ಬೆಳಿಗ್ಗೆ ಮತ್ತೆ ನೋಡಿದೆ, ಆಗಲೂ ಇಲ್ಲ. ಕೇಸು ಮುಗಿದೇ ಹೋಯಿತಾ? ಮುಂದೆ ಹೊಸ ತಾರೀಖು ಹಾಕಿದರೆ ಮತ್ತೆ ನೋಟಿಸ್ ಬರುತ್ತದಾ? ಎಂಎಸಿಟಿಯಲ್ಲಿ ನಡೆಸಿದ ವಕೀಲರು ‘ಅದು ಹೈಕೋರ್ಟ್ ವಿಷಯ, ಅಲ್ಲಿ ಬೇರೆ ವಕೀಲರನ್ನು ಹಿಡಿಯಿರಿ’ ಅಂದರು.

ಸುಮ್ನೆಓದುಗ
ನೋಟಿಸ್ ಯಾಕೆ ಸಹಿ ಹಾಕಿ ತಗೊಂಡಿರಿ? ‘ಮನೆಯಲ್ಲಿ ಯಾರೂ ಇಲ್ಲ’ ಅನ್ನಿಸಿ ವಾಪಸ್ ಕಳಿಸಿದ್ದರೆ ಅವರ ಅಪೀಲು ಅಲ್ಲೇ ಕೊಳೆಯುತ್ತಿತ್ತು.

ಕರಿಕೋಟು
ಮೊದಲು @ಸುಮ್ನೆಓದುಗ ಅವರಿಗೆ. ದಯವಿಟ್ಟು ಯಾರಿಗೂ ಈ ಸಲಹೆ ಕೊಡಬೇಡಿ ಸರ್. ಅಪೀಲಿನ ನೋಟಿಸ್ ಕೊಡುವ ರೀತಿಗೂ ದಾವೆಯ ಸಮನ್ಸ್ ಕೊಡುವ ರೀತಿಗೂ ನಿಯಮ ಒಂದೇ. ಬೇಡ ಅಂತ ವಾಪಸ್ ಕಳಿಸಿದರೆ ‘ಜಾರಿಯಾಗಿದೆ’ ಎಂದೇ ಕೋರ್ಟ್ ಬರೆದುಕೊಳ್ಳುತ್ತದೆ. ಸರಿಯಾದ ವಿಳಾಸ, ಸರಿಯಾದ ಅಂಚೆ ವೆಚ್ಚ ಇದ್ದು, ಸ್ವೀಕೃತಿ ಕಾರ್ಡು ಕಳೆದುಹೋಗಿ 30 ದಿನದೊಳಗೆ ವಾಪಸ್ ಬರದಿದ್ದರೂ ಹಾಗೇ ಬರೆದುಕೊಳ್ಳಬಹುದು. ಬೇಲಿಫ್ (ನೋಟಿಸ್ ತಲುಪಿಸುವ ಕೋರ್ಟ್ ನೌಕರ) ಕೈಯಲ್ಲಿ ಬಂದದ್ದನ್ನು ತಗೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ಆಮೇಲೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರುತ್ತದೆ. ಅಪೀಲು ಕೊಳೆಯುವುದಿಲ್ಲ, ನಿಮ್ಮ ಡಿಕ್ರಿಯೇ (ನಿಮ್ಮ ಪರ ಆದ ಆದೇಶ) ಕೊಳೆಯುತ್ತದೆ.

ಈಗ @ಹೊಲದಬದು. ಗಾಬರಿ ಬೇಡ, ಕೇಸು ಮುಗಿದಿಲ್ಲ. ನೋಟಿಸ್‌ನಲ್ಲಿರುವುದು ನೀವು ಹಾಜರಿ ಹಾಕಬೇಕಾದ ತಾರೀಖು. ಅವತ್ತೇ ಜಡ್ಜ್ ಮುಂದೆ ವಾದ ಆಗುತ್ತದೆ ಅಂತಲ್ಲ. ಎಲ್ಲ ಎದುರುದಾರರಿಗೂ ನೋಟಿಸ್ ತಲುಪಿತಾ ಅಂತ ಕಚೇರಿಯಲ್ಲಿ ನೋಡುತ್ತಾರೆ. ತಲುಪಿದ್ದರೆ ಕೇಸು ಪಟ್ಟಿಗೆ ಬರುತ್ತದೆ. ಯಾರಿಗಾದರೂ ತಲುಪದಿದ್ದರೆ ಆ ನೋಟಿಸ್ ಬಗ್ಗೆ ಮುಂದೇನು ಅಂತ ತೀರ್ಮಾನಿಸಲು ‘ಆರ್ಡರ್ಸ್’ ಅಂತ ಪಟ್ಟಿ ಮಾಡುತ್ತಾರೆ. ನಿಮ್ಮದರಲ್ಲಿ ಲಾರಿ ಮಾಲೀಕನ ನೋಟಿಸ್ ವಾಪಸ್ ಬಂದಿರಬಹುದು. ಮೋಟಾರು ಅಪಘಾತದ ಅಪೀಲುಗಳಲ್ಲಿ ಇದು ಮಾಮೂಲಿ. ಗಾಡಿ ಮಾರಿ, ಊರು ಬಿಟ್ಟು, ವಿಳಾಸ ಬದಲಾಗಿರುತ್ತದೆ.

ವೆಬ್‌ಸೈಟ್‌ನಲ್ಲಿ ಕಾಸ್ ಲಿಸ್ಟ್ ಬದಲು ‘ಕೇಸ್ ಸ್ಟೇಟಸ್’ಗೆ ಹೋಗಿ. ಪೀಠ ಧಾರವಾಡ ಅಂತ ಆರಿಸಿ, ಕೇಸಿನ ಬಗೆ ಎಂಎಫ್‌ಎ, ನಂಬರ್, ವರ್ಷ ಹಾಕಿ. ಅಲ್ಲಿ ಏನು ಬರೆದಿದೆ ಅಂತ ಇಲ್ಲಿ ಹಾಕಿ. ಹೆಸರು, ನಂಬರ್ ಬೇಡ.

ಹೊಲದಬದು
ನೋಡಿದೆ ಸರ್. ಅಪ್ಪನ ಹೆಸರಿನ ಮುಂದೆ ಜಾರಿಯಾಗಿದೆ ಅಂತ ಇದೆ. 2ನೇ ಎದುರುದಾರನದು ‘ಅನ್‌ಸರ್ವ್ಡ್’. ನೀವು ಹೇಳಿದ ಹಾಗೇ ಆಗಿದೆ. ಅಂದರೆ ಆತ ಸಿಗುವವರೆಗೂ ನಾವು ಸುಮ್ನೆ ಕೂರಬಹುದಾ?

ಕರಿಕೋಟು
ಕೂರಬಾರದು. ಈ ಒಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನೋಟಿಸ್ ಬಂದಾಗ ಎಲ್ಲರ ಕಣ್ಣೂ ಅದರಲ್ಲಿರುವ ತಾರೀಖಿನ ಮೇಲೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ನೋಟಿಸ್ ನಿಮ್ಮ ಕೈ ಸೇರಿದ ತಾರೀಖು. ಕಂಪನಿ ಪರಿಹಾರ ಜಾಸ್ತಿ ಆಯಿತು ಅನ್ನುತ್ತದೆ. ನಿಮಗೆ ಕಡಿಮೆ ಆಯಿತು ಅನ್ನಿಸಿರಬಹುದು ಅಲ್ವಾ? ಹಾಗಿದ್ದರೆ ನೀವು ಅದೇ ಅಪೀಲಿನಲ್ಲಿ ಕ್ರಾಸ್ ಆಬ್ಜೆಕ್ಷನ್, ಅಂದರೆ ಆದೇಶದ ಬಗ್ಗೆ ನಿಮ್ಮ ಕಡೆಯ ತಕರಾರು, ಹಾಕಬಹುದು. ಸ್ವಂತ ಅಪೀಲು ಹಾಕಲು ನಿಮಗಿದ್ದ 90 ದಿನ ಮುಗಿದುಹೋಗಿದ್ದರೂ ಹಾಕಬಹುದು. ನಮ್ಮ ಹೈಕೋರ್ಟ್‌ನಲ್ಲಿ ಇದಕ್ಕೆ ‘ಎಂಎಫ್‌ಎ ಕ್ರಾಬ್’ ಅಂತ ಬೇರೆ ನಂಬರೇ ಕೊಡುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶ, 22ನೇ ನಿಯಮ. ವಾಯಿದೆ ಒಂದು ತಿಂಗಳು. ವಿಚಾರಣೆಗೆ ಗೊತ್ತು ಮಾಡಿದ ದಿನದ ನೋಟಿಸ್ ನಿಮಗೋ ನಿಮ್ಮ ವಕೀಲರಿಗೋ ಜಾರಿಯಾದ ದಿನದಿಂದ ಆ ತಿಂಗಳು ಶುರು. ಮೇಲಿನ ಕೋರ್ಟ್ ಬಯಸಿದರೆ ಇನ್ನಷ್ಟು ಸಮಯ ಕೊಡಬಹುದು. ಆದರೆ ಕೇಳಿ ಪಡೆಯಬೇಕು, ಕಾರಣ ಹೇಳಬೇಕು.

ಇದರಲ್ಲಿ ಇನ್ನೊಂದು ಲಾಭವಿದೆ. ನಾಳೆ ಕಂಪನಿಯವರು ಅಪೀಲು ವಾಪಸ್ ತಗೊಂಡರೂ, ಅವರ ವಕೀಲರು ಬಾರದೆ ವಜಾ ಆದರೂ, ನಿಮ್ಮ ಕ್ರಾಸ್ ಆಬ್ಜೆಕ್ಷನ್ ಉಳಿಯುತ್ತದೆ. ಅದನ್ನು ಕೋರ್ಟ್ ಬೇರೆಯಾಗಿ ಕೇಳಬಹುದು.

ಹಳೇಗುಮಾಸ್ತ
ವಕೀಲ ಸಾಹೇಬರು ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ನೋಟಿಸ್ ಬಂದ ಕವರ್ ಬಿಸಾಡಬೇಡಿ. ಅಂಚೆ ಮುದ್ರೆ ಇರುವ ಕವರ್, ಒಳಗಿನ ಕಾಗದ ಎರಡನ್ನೂ ಪಿನ್ ಮಾಡಿ ಇಡಿ. ಕವರ್ ಮೇಲೆ ‘ಇಂಥ ದಿನ ಬಂತು, ಇಂಥವರು ತಗೊಂಡರು’ ಅಂತ ಪೆನ್ನಿನಲ್ಲಿ ಬರೆಯಿರಿ. ನಾನು ವಕೀಲರ ಆಫೀಸಿನಲ್ಲಿ ಕೆಲಸ ಮಾಡುವಾಗ ಕಕ್ಷಿದಾರರು ಬಂದ ತಕ್ಷಣ ಮೊದಲು ಕೇಳುತ್ತಿದ್ದದ್ದೇ ಕವರ್. ಅರ್ಧಕ್ಕರ್ಧ ಜನ ಒಲೆಗೆ ಹಾಕಿರುತ್ತಿದ್ದರು.

ನೋಟಿಸ್ ಯಾವುದಕ್ಕೆ ಅಂತಲೂ ಓದಿ. ಕೆಲವು ಸಲ ಅಪೀಲು ತಡವಾಗಿ ಹಾಕಿರುತ್ತಾರೆ. ಆಗ ತಡ ಮನ್ನಿಸಿ ಅನ್ನುವ ಅರ್ಜಿ ಮೊದಲು ತೀರ್ಮಾನ ಆಗಬೇಕು, ಅದಕ್ಕೇ ಮೊದಲ ನೋಟಿಸ್ ಬರುತ್ತದೆ. ‘ಐಎ 1’ (ಕೇಸಿನೊಳಗೆ ಹಾಕುವ ಮಧ್ಯಂತರ ಅರ್ಜಿ) ಅಂತ ಇದ್ದರೆ ಹೆಚ್ಚಾಗಿ ಅದೇ. ಅಲ್ಲಿ ನೀವು ಹೋಗಿ ‘ತಡಕ್ಕೆ ಸರಿಯಾದ ಕಾರಣ ಇಲ್ಲ’ ಅಂತ ಆಕ್ಷೇಪ ಹಾಕಿದರೆ ಅಪೀಲೇ ಬಾಗಿಲಲ್ಲಿ ನಿಲ್ಲಬಹುದು.

ನೇತ್ರಾವತಿ22
ಹಾಗಾದರೆ ತಡದ ಅರ್ಜಿಯ ನೋಟಿಸ್ ಬಂದರೂ ಆ ಒಂದು ತಿಂಗಳು ಓಡಲು ಶುರುವಾಗುತ್ತದಾ?

ಕರಿಕೋಟು
ಒಳ್ಳೆಯ ಪ್ರಶ್ನೆ ಮೇಡಂ. ನಿಯಮದಲ್ಲಿರುವುದು ‘ಅಪೀಲಿನ ವಿಚಾರಣೆಗೆ ಗೊತ್ತು ಮಾಡಿದ ದಿನದ ನೋಟಿಸ್’. ಇದು ನಮ್ಮ ಜಮಖಂಡಿಯ ಕೃಷ್ಣಾ ಮೇಲ್ದಂಡೆ ಭೂಸ್ವಾಧೀನದ ಒಂದು ಕೇಸಿನಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಎದುರುದಾರನಿಗೆ ವಿಚಾರಣೆಯ ನೋಟಿಸ್ ಪಡೆಯುವ ಹಕ್ಕಿದೆ, ತಿಂಗಳು ಅಲ್ಲಿಂದಲೇ ಶುರು ಅಂತ ಹೇಳಿದರು. ಜೊತೆಗೇ ಇನ್ನೊಂದು ಮಾತು ಹೇಳಿದರು. ಎದುರುದಾರ ಕೇವಿಯಟ್ (‘ನನಗೆ ತಿಳಿಸದೆ ಆದೇಶ ಮಾಡಬೇಡಿ’ ಅನ್ನುವ ಅರ್ಜಿ) ಹಾಕಿಯೋ, ತಾನಾಗಿ ಹಾಜರಾಗಿಯೋ ವಾದ ಮಾಡಿ, ಅವನ ಎದುರೇ ಕೋರ್ಟ್ ‘ಮುಂದೆ ಅಂತಿಮ ವಿಚಾರಣೆ’ ಅಂತ ಆದೇಶ ಮಾಡಿದರೆ, ಆ ಆದೇಶದ ದಿನವೇ ನೋಟಿಸ್ ಸಿಕ್ಕ ದಿನ. ಬೇರೆ ಕಾಗದಕ್ಕೆ ಕಾಯುವ ಹಾಗಿಲ್ಲ.

ಹಾಗಾಗಿ ನಾನು ಕಕ್ಷಿದಾರರಿಗೆ ಹೇಳುವುದು ಒಂದೇ. ಯಾವ ನೋಟಿಸೇ ಬರಲಿ, ಮೊದಲು ಬಂದದ್ದರಿಂದಲೇ ಲೆಕ್ಕ ಹಾಕಿ. ಬೇಗ ಹಾಕಿದ್ದಕ್ಕೆ ಯಾವ ಕೋರ್ಟೂ ಬೈಯುವುದಿಲ್ಲ.

ಅಂಚೆಯಣ್ಣ
ನಾನು ಅಂಚೆ ಹಂಚುವವನು. ಕೋರ್ಟ್ ಕವರ್ ಹೇಗೆ ವಾಪಸ್ ಹೋಗುತ್ತದೆ ಅಂತ ಹೇಳುತ್ತೇನೆ. ಬಾಗಿಲು ಹಾಕಿದ್ದರೆ ಕವರ್ ಮೇಲೆ ‘ಡೋರ್ ಲಾಕ್’ ಅಂತ ಬರೆದು ತಾರೀಖು ಹಾಕಿ ಸಹಿ ಮಾಡುತ್ತೇವೆ. ಚೀಟಿ ಬಿಟ್ಟು ಬರುತ್ತೇವೆ. ಕವರ್ ಕೆಲವು ದಿನ ಅಂಚೆ ಕಚೇರಿಯಲ್ಲೇ ಇರುತ್ತದೆ. ಬಂದು ತಗೊಳ್ಳದಿದ್ದರೆ ವಾಪಸ್. ಊರು ಬಿಟ್ಟಿದ್ದರೆ ‘ಲೆಫ್ಟ್’. ಬೇಡ ಅಂದರೆ ‘ರೆಫ್ಯೂಸ್ಡ್’. ಈ ಒಂದು ಪದಕ್ಕೆ ಕೋರ್ಟಿನಲ್ಲಿ ಎಷ್ಟು ತೂಕ ಅಂತ ಜನರಿಗೆ ಗೊತ್ತಿಲ್ಲ. ‘ಬೇಡ ಹೋಗಣ್ಣ’ ಅಂತ ನಗುತ್ತಾ ಹೇಳುತ್ತಾರೆ, ನಾನು ಬರೆಯುವುದನ್ನೇ ಬರೆಯಬೇಕು.

ಅಪ್ಪನ ಹೆಸರಿನ ಕವರ್ ಮಗ ತಗೊಂಡ, ಹೇಳುವುದಕ್ಕೆ ಮರೆತ, ಅದು ಬೇರೆ ಕತೆ.

ಸುಮ್ನೆಓದುಗ
ಸರಿ ಸರಿ, ನನ್ನ ಸಲಹೆ ಬಿಡಿ. ಆದರೆ ಒಂದು ಪ್ರಶ್ನೆ. ಈಗ ಎಲ್ಲ ಮೊಬೈಲಿನಲ್ಲೇ ಇದೆಯಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಾರೀಖು ಬಂದರೆ ಅದೇ ನೋಟಿಸ್ ಅಲ್ವಾ?

ಕರಿಕೋಟು
ಅಲ್ಲ. ಆ್ಯಪ್, ವೆಬ್‌ಸೈಟ್, ಎಸ್‌ಎಂಎಸ್ ಎಲ್ಲ ಮಾಹಿತಿ ಅಷ್ಟೇ. ನೋಟಿಸ್ ಜಾರಿ ಅಂದರೆ ನಿಯಮದ ಪ್ರಕಾರ ಅಂಚೆ, ಕೊರಿಯರ್, ಬೇಲಿಫ್, ಇಮೇಲ್ ಹೀಗೆ ಕೋರ್ಟ್ ಹೇಳಿದ ದಾರಿಯಲ್ಲಿ ಬರಬೇಕು. ಬೇಲಿಫ್‌ಗಳ ಕೈಗೂ ಈಗ ಎನ್‌ಸ್ಟೆಪ್ ಅಂತ ಆ್ಯಪ್ ಬಂದಿದೆ. ಮನೆ ಮುಂದೆ ನಿಂತು ಫೋಟೋ ತೆಗೆದರೆ ಜಾಗದ ಗುರುತು ಸಮೇತ ಕೋರ್ಟಿಗೆ ಹೋಗುತ್ತದೆ. ‘ಬಂದೇ ಇರಲಿಲ್ಲ’ ಅನ್ನುವುದು ಮೊದಲಿನಷ್ಟು ಸುಲಭ ಇಲ್ಲ, ಹಾಗೇ ಬೇಲಿಫ್ ಹೋಟೆಲಿನಲ್ಲಿ ಕೂತು ವರದಿ ಬರೆಯುವುದೂ ಸುಲಭ ಇಲ್ಲ.

ಆದರೆ ಮಾತಿನ ಇನ್ನೊಂದು ಮಗ್ಗುಲು ಇದೆ. ನೋಟಿಸ್ ಬರುವುದು ಒಂದೇ ಸಲ. ಅದು ಜಾರಿಯಾದ ಮೇಲೆ ಪ್ರತಿ ತಾರೀಖಿಗೂ ಮನೆಗೆ ಕಾಗದ ಬರುವುದಿಲ್ಲ. ಮುಂದಿನದನ್ನೆಲ್ಲ ನೀವೋ ನಿಮ್ಮ ವಕೀಲರೋ ನೋಡಿಕೊಳ್ಳಬೇಕು. @ಹೊಲದಬದು ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಇದೇ. ಆ್ಯಪ್ ಕೆಲಸಕ್ಕೆ ಬರುವುದು ಇಲ್ಲಿ. 16 ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ಕೇಸನ್ನು ಉಳಿಸಿಕೊಳ್ಳಿ.

ನೇತ್ರಾವತಿ22
ಇದಕ್ಕೆ ನನ್ನ ಅನುಭವ ಹೇಳಲೇಬೇಕು. ಪಾಲಿನ ದಾವೆ ನನ್ನ ಪರ ಆಗಿತ್ತು. ಅಣ್ಣಂದಿರು ಅಪೀಲು ಹಾಕಿದರು. ನನ್ನ ವಿಳಾಸ ಅಂತ ತವರುಮನೆಯದನ್ನೇ ಕೊಟ್ಟಿದ್ದಾರೆ! ನಾನು ಮದುವೆಯಾಗಿ ಬೇರೆ ಜಿಲ್ಲೆಯಲ್ಲಿದ್ದೇನೆ. ನೋಟಿಸ್ ಅಣ್ಣನ ಮನೆಗೇ ಹೋಗಿದೆ, ಅತ್ತಿಗೆ ಸಹಿ ಹಾಕಿ ತಗೊಂಡಿದ್ದಾರೆ. ಕೋರ್ಟ್ ನಂಬಿದೆ. ನಾನಿಲ್ಲದೆ ತೀರ್ಪು ಆಯಿತು. ಸರ್ವೇಯವರು ಜಮೀನು ಅಳೆಯಲು ಬಂದಾಗ ಪಕ್ಕದ ಹೊಲದ ಚಿಕ್ಕಪ್ಪ ಫೋನ್ ಮಾಡಿದರು, ಆಗ ಗೊತ್ತಾಯಿತು.

ಹಳೇಗುಮಾಸ್ತ
ಅಯ್ಯೋ ತಾಯಿ. ಇದು ಹೊಸದಲ್ಲ. ಎದುರಾಳಿಯ ಮನೆಯಲ್ಲೇ ನೋಟಿಸ್ ಜಾರಿ! ಆಮೇಲೆ ಏನು ಮಾಡಿದಿರಿ?

ನೇತ್ರಾವತಿ22
ವಕೀಲರು ಅದೇ ಕೋರ್ಟಿಗೆ ಮರುವಿಚಾರಣೆ ಅರ್ಜಿ ಹಾಕಿದರು. ವೋಟರ್ ಕಾರ್ಡು, ಗಂಡನ ಮನೆಯ ರೇಷನ್ ಕಾರ್ಡು ಎಲ್ಲ ತೋರಿಸಿದೆವು. ದಾವೆಯಲ್ಲಿ ನಾನೇ ಕೊಟ್ಟಿದ್ದ ವಿಳಾಸ ಗಂಡನ ಮನೆಯದು, ಅದು ಫೈಲಿನಲ್ಲೇ ಇತ್ತು. ಅದೇ ಕೈ ಹಿಡಿಯಿತು. ಅರ್ಜಿ ಒಪ್ಪಿದರು, ಅಪೀಲು ಮತ್ತೆ ನಡೆಯುತ್ತಿದೆ.

ಕರಿಕೋಟು
41ನೇ ಆದೇಶದ 21ನೇ ನಿಯಮ ಅದು. ನೋಟಿಸ್ ಸರಿಯಾಗಿ ಜಾರಿಯಾಗಿಲ್ಲ ಅಂತಲೋ, ಬರಲಾಗದಿದ್ದಕ್ಕೆ ಸಾಕಷ್ಟು ಕಾರಣ ಇತ್ತು ಅಂತಲೋ ತೋರಿಸಿದರೆ ಅಪೀಲನ್ನು ಮತ್ತೆ ಕೇಳಬೇಕು. ಅಪೀಲು ಹಾಕಿದವನೇ ಬಾರದೆ ವಜಾ ಆದರೆ ಅವನಿಗೆ 19ನೇ ನಿಯಮ ಇದೆ. ಅಂಥ ವಜಾ ಆದೇಶದಲ್ಲಿ ಕೇಸಿನ ಸರಿ ತಪ್ಪು ತೀರ್ಮಾನಿಸುವ ಹಾಗಿಲ್ಲ. ಬಂದಿಲ್ಲ, ವಜಾ, ಅಷ್ಟೇ.

ವಿಳಾಸದ ಬಗ್ಗೆ ಮೇಡಂ ಹೇಳಿದ್ದು ಎಲ್ಲರೂ ಗಮನಿಸಿ. ಸಿವಿಲ್ ದಾವೆಯಲ್ಲಿ ನೀವು ಕೊಟ್ಟ ವಿಳಾಸವೇ ಅಪೀಲಿಗೂ ನಿಮ್ಮ ವಿಳಾಸ ಅಂತ ಕಾನೂನು ಹಿಡಿಯುತ್ತದೆ. ಬದಲಾದರೆ ನೀವೇ ಕೋರ್ಟಿಗೆ ಬರೆದು ತಿದ್ದಿಸಬೇಕು. ಕೇಸು ಗೆದ್ದು ಮನೆ ಬದಲಾಯಿಸಿ ಮರೆತುಬಿಡುವವರೇ ಜಾಸ್ತಿ.

ಗೆದ್ದವರು ಮಾಡಬಹುದಾದ ಇನ್ನೊಂದು ಕೆಲಸ ಕೇವಿಯಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಂ. ತೀರ್ಪು ಬಂದ ಕೂಡಲೇ ಮೇಲಿನ ಕೋರ್ಟಿನಲ್ಲಿ ಹಾಕಿಟ್ಟರೆ, ಸೋತವರು ತಡೆಯಾಜ್ಞೆ ಕೇಳಿದಾಗ ನಿಮಗೆ ಮೊದಲು ತಿಳಿಸಬೇಕು. 90 ದಿನ ಬಾಳುತ್ತದೆ. ಮುಗಿದರೆ ಮತ್ತೆ ಹಾಕಬೇಕು. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಗೆ ತಡೆ ಸಿಕ್ಕಂತಲ್ಲ, ಸ್ಟೇ ಬೇರೆಯಾಗಿ ಕೇಳಬೇಕು. ಇದನ್ನು ತಿಳಿಯದೆ ಎಷ್ಟೋ ಜನ ಅಪೀಲು ನೋಟಿಸ್ ನೋಡಿಯೇ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸಿಕೊಳ್ಳುವುದು) ನಿಲ್ಲಿಸಿಬಿಡುತ್ತಾರೆ.

ಹೊಲದಬದು
ನಮಗೂ ಅದೇ ಭಯ ಇತ್ತು. ಹಾಗಾದರೆ ನಮ್ಮ ದುಡ್ಡು? ಕಂಪನಿಯವರಿಗೆ ಸ್ಟೇ ಸಿಕ್ಕಿದೆ ಅಂತ ಸ್ಟೇಟಸ್‌ನಲ್ಲಿ ಇದೆ.

ಮತ್ತೆ ಎಂಎಸಿಟಿ ವಕೀಲರಿಗೇ ನೋಟಿಸ್ ಕೊಟ್ಟಿದ್ದರೆ ಅವರಾದರೂ ನೋಡುತ್ತಿದ್ದರಲ್ಲ ಅನ್ನಿಸುತ್ತದೆ.

ಕರಿಕೋಟು
ಕೊನೆಯದು ಮೊದಲು. ಕೆಳಗಿನ ಕೋರ್ಟಿಗೆ ಅಂತ ನೇಮಿಸಿದ ವಕೀಲರಿಗೆ ಮೇಲಿನ ಕೋರ್ಟಿನ ನೋಟಿಸ್ ಕೊಟ್ಟರೆ ಅದು ಜಾರಿ ಆಗುವುದಿಲ್ಲ. ವಕಾಲತ್ತಿನಲ್ಲಿ ನೀವು ಹಾಗಂತ ಸ್ಪಷ್ಟವಾಗಿ ಒಪ್ಪಿದ್ದರೆ ಮಾತ್ರ ಆದೀತು. ಅದು ನಿಮ್ಮ ಒಳ್ಳೆಯದಕ್ಕೇ ಇರುವ ನಿಯಮ. ಆ ವಕೀಲರು ಹೇಳಿದ್ದರಲ್ಲಿ ತಪ್ಪಿಲ್ಲ.

ದುಡ್ಡಿನ ವಿಷಯ. ಮೋಟಾರು ವಾಹನ ಕಾಯಿದೆಯ 173ನೇ ಕಲಂ ಪ್ರಕಾರ, ದುಡ್ಡು ಕಟ್ಟಬೇಕಾದವರು ಅಪೀಲು ಹಾಕಬೇಕಾದರೆ 25,000 ರೂಪಾಯಿ ಇಲ್ಲವೇ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಲೇಬೇಕು. ಅದು ಬಾಗಿಲು ದಾಟಲು. ಸ್ಟೇ ಬೇಕಾದರೆ ಕೋರ್ಟ್ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡ ಮೊತ್ತ ಕಟ್ಟಿಸುತ್ತದೆ. ಎಷ್ಟು ಕಟ್ಟಲು ಹೇಳಿದ್ದಾರೆ, ಕಟ್ಟಿದ್ದಾರಾ ಅಂತ ಸ್ಟೇ ಆದೇಶ ಓದಿ, ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಕಟ್ಟದಿದ್ದರೆ ಸ್ಟೇ ತೆರವಿಗೆ, ಕಟ್ಟಿದ್ದರೆ ಒಂದು ಭಾಗ ಬಿಡುಗಡೆಗೆ ಐಎ ಹಾಕಬಹುದು. ಕಾಲು ಹೋದವರು ಚಿಕಿತ್ಸೆಯ ಖರ್ಚು ತೋರಿಸಿ ಕೇಳಿದರೆ ಕೋರ್ಟ್ ಕಿವಿಗೊಡುತ್ತದೆ.

ಎಲ್ಲಕ್ಕೂ ಮೊದಲು ಧಾರವಾಡದಲ್ಲಿ ಒಬ್ಬರಿಗೆ ವಕಾಲತ್ತು ಕೊಡಿ. ಹಾಜರಿ ದಾಖಲಾದರೆ ಪಟ್ಟಿಯಲ್ಲಿ ನಿಮ್ಮ ವಕೀಲರ ಹೆಸರೂ ಅಚ್ಚಾಗುತ್ತದೆ.

ಹಳೇಗುಮಾಸ್ತ
ಫೀಸು ಕಷ್ಟ ಆದರೆ ಹೇಳುತ್ತೇನೆ ಕೇಳಿ. ಅಂಗವಿಕಲರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಕಾಯಿದೆ, 12ನೇ ಕಲಂ. ನಿಮ್ಮ ತಂದೆಯ ಅಂಗವೈಕಲ್ಯ ಪ್ರಮಾಣಪತ್ರ ಇದ್ದೇ ಇರುತ್ತದೆ. ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಸುಮ್ನೆಓದುಗ
ಈ ಪಟ್ಟಿ ಯಾರು ಮಾಡುತ್ತಾರೆ ಅಂತ ಒಂದು ಕುತೂಹಲ. ಒಂದು ಅಪೀಲು ವಾರದಲ್ಲೇ ಬರುತ್ತದೆ, ಇನ್ನೊಂದು ವರ್ಷಗಟ್ಟಲೆ ಮಲಗಿರುತ್ತದೆ. ‘ಒಳಗಿನ ಕೈ’ ಇರಬೇಕು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ.

ಕರಿಕೋಟು
ಎಲ್ಲದಕ್ಕೂ ಒಳಗಿನ ಕೈ ಹುಡುಕಬೇಡಿ. ಯಾವ ಜಡ್ಜ್ ಯಾವ ಬಗೆಯ ಕೇಸು ಕೇಳಬೇಕು ಅಂತ ಮುಖ್ಯ ನ್ಯಾಯಮೂರ್ತಿಗಳು ರೋಸ್ಟರ್ ಮಾಡುತ್ತಾರೆ. ಅದರ ಮೇಲೆ ರಿಜಿಸ್ಟ್ರಿ (ಹೈಕೋರ್ಟ್ ಕಚೇರಿ) ದಿನದ ಪಟ್ಟಿ ಕಟ್ಟುತ್ತದೆ. ಹೊಸ ಅಪೀಲು ಬಂದರೆ ಮೊದಲು ಕಚೇರಿ ಆಕ್ಷೇಪಣೆ ಇರುತ್ತದೆ. ಕೋರ್ಟ್ ಫೀ ಕಡಿಮೆ, ತೀರ್ಪಿನ ಪ್ರತಿ ಮಸುಕು, ಪುಟ ಸಂಖ್ಯೆ ಇಲ್ಲ, ಇಂಥವು. ಅದನ್ನು ಸರಿಪಡಿಸುವವರೆಗೆ ಜಡ್ಜ್ ಮುಂದೆ ಹೋಗುವುದಿಲ್ಲ. ಆಮೇಲೆ ಅಡ್ಮಿಷನ್, ಅಂದರೆ ಅಪೀಲನ್ನು ವಿಚಾರಣೆಗೆ ತಗೊಳ್ಳಬೇಕಾ ಅಂತ ನೋಡುವ ಹಂತ. ಅಲ್ಲಿ ಹುರುಳಿಲ್ಲ ಅನ್ನಿಸಿದರೆ ಎದುರಿನವರನ್ನು ಕರೆಯದೆಯೇ ವಜಾ ಮಾಡಬಹುದು. ಎರಡನೇ ಅಪೀಲು, ಅಂದರೆ ಆರ್‌ಎಸ್‌ಎ ಆದರೆ ಕಾನೂನಿನ ಮುಖ್ಯ ಪ್ರಶ್ನೆ ಒಂದಾದರೂ ಇರಲೇಬೇಕು.

ವರ್ಷಗಟ್ಟಲೆ ಮಲಗುವುದು ಅಡ್ಮಿಟ್ ಆದ ಮೇಲೆ. ಕೆಳಗಿನ ಕೋರ್ಟಿನ ದಾಖಲೆ ಬರಬೇಕು, ಎಲ್ಲರಿಗೂ ನೋಟಿಸ್ ಆಗಬೇಕು, ಒಬ್ಬರು ತೀರಿಕೊಂಡರೆ 90 ದಿನದಲ್ಲಿ ವಾರಸುದಾರರನ್ನು ಸೇರಿಸಬೇಕು. ಇಷ್ಟೆಲ್ಲ ಆದ ಮೇಲೂ ‘ಸರದಿ ಬಂದಾಗ’ ಅಂತ ಕೂರುತ್ತದೆ. ನನಗೆ ಕೇಳಿದರೆ ನಿಜವಾದ ತಡ ಇಲ್ಲೇ ಇರುವುದು, ವಾದ ಕೇಳುವುದರಲ್ಲಿ ಅಲ್ಲ. ವಯಸ್ಸಾದವರು, ಕಾಯಿಲೆ ಇರುವವರು ಬೇಗ ಕೇಳಿ ಅಂತ ಅರ್ಜಿ ಹಾಕಬಹುದು. ನಾನು ಹಾಕಿಸುತ್ತೇನೆ, ಕೆಲವು ಸಲ ಫಲ ಕೊಡುತ್ತದೆ.

ಅಂಚೆಯಣ್ಣ
ಕಾಸ್ ಲಿಸ್ಟ್ ಯಾವಾಗ ನೋಡಬೇಕು ಸರ್? ನಮ್ಮ ಭಾವನ ಕೇಸು ರಾತ್ರಿ ಪಟ್ಟಿಯಲ್ಲಿ ಇರಲಿಲ್ಲ, ಬೆಳಿಗ್ಗೆ ಇತ್ತಂತೆ.

ಹಳೇಗುಮಾಸ್ತ
ಸಪ್ಲಿಮೆಂಟರಿ ಪಟ್ಟಿ (ಆಮೇಲೆ ಸೇರಿಸುವ ಪಟ್ಟಿ) ಇರುತ್ತದೆ. ಸಂಜೆ ಒಂದು ನೋಡಿ, ಬೆಳಿಗ್ಗೆ ಕೋರ್ಟು ಶುರುವಾಗುವ ಮೊದಲು ಇನ್ನೊಂದು ನೋಡಿ. ಬೆಂಗಳೂರು, ಧಾರವಾಡ, ಕಲಬುರಗಿ ಮೂರಕ್ಕೂ ಬೇರೆ ಬೇರೆ ಪಟ್ಟಿ. ಬೆಂಗಳೂರಿನದನ್ನು ತೆರೆದು ‘ನಮ್ಮದಿಲ್ಲ’ ಅನ್ನುವವರು ಬಹಳ.

ಹೊಲದಬದು
ಧಾರವಾಡದ್ದೇ ನೋಡಿದ್ದೆ ಬಿಡಿ 🙂

ಎಲ್ಲರಿಗೂ ಧನ್ಯವಾದ. ನಿನ್ನೆ ಅಪ್ಪನನ್ನು ಕರೆದುಕೊಂಡು ಹೋಗಿ ವಕಾಲತ್ತಿಗೆ ಸಹಿ ಹಾಕಿಸಿದೆ. ಕವರ್ ಕೇಳಿದರು! ಇಟ್ಟುಕೊಂಡಿದ್ದೆ, ಕೊಟ್ಟೆ. ತಿಂಗಳು ತುಂಬಲು ಇನ್ನೂ ದಿನ ಇದೆ, ಕ್ರಾಬ್ ಹಾಕುತ್ತೇವೆ ಅಂದರು. ಕಂಪನಿಯವರು ಅರ್ಧ ದುಡ್ಡು ಕಟ್ಟಿದ್ದಾರಂತೆ, ಬಿಡುಗಡೆಗೂ ಅರ್ಜಿ ತಯಾರಾಗುತ್ತಿದೆ. ಲಾರಿ ಮಾಲೀಕ ಹಳೇ ವಿಳಾಸದಲ್ಲಿ ಇಲ್ಲವೇ ಇಲ್ಲ. ಪೇಪರಿನಲ್ಲಿ ನೋಟಿಸ್ ಹಾಕಿಸಬೇಕಾಗಬಹುದು ಅಂದರು. ಆ ಖರ್ಚು ನಾವು ಕೊಡಬೇಕಾ?

ಕರಿಕೋಟು
ಇಲ್ಲ. ಅಪೀಲು ಹಾಕಿದವರದ್ದು ಆ ಕೆಲಸ. ಹೊಸ ವಿಳಾಸ ಹುಡುಕುವುದು, ಪ್ರೊಸೆಸ್ ಫೀ ಕಟ್ಟುವುದು, ಸಿಗದಿದ್ದರೆ ಕೋರ್ಟಿನ ಅನುಮತಿ ಕೇಳಿ ಆತ ಕೊನೆಗೆ ವಾಸವಿದ್ದ ಕಡೆ ಓದುವ ದಿನಪತ್ರಿಕೆಯಲ್ಲಿ ಹಾಕಿಸುವುದು, ಎಲ್ಲ ಕಂಪನಿಯ ಜೇಬಿನಿಂದ. ಕೋರ್ಟ್ ಕೊಟ್ಟ ಸಮಯದಲ್ಲಿ ಅದನ್ನು ಮಾಡದಿದ್ದರೆ ಆತನ ಮಟ್ಟಿಗೆ ಅಪೀಲು ವಜಾ ಆಗಲೂಬಹುದು. ನಿಮಗೆ ಆತನ ಹೊಸ ವಿಳಾಸ ಗೊತ್ತಿದ್ದರೆ ವಕೀಲರಿಗೆ ಹೇಳಿ, ಬೇಗ ಮುಗಿಯುತ್ತದೆ. ಕ್ರಾಬ್ ಹಾಕುವಾಗ ಆತನನ್ನೂ ಪಾರ್ಟಿ ಮಾಡುವುದಾದರೆ ಮಾತ್ರ ಆ ಭಾಗದ ನೋಟಿಸ್ ಖರ್ಚು ನಿಮ್ಮದು.

ಹೊಲದಬದು
ಗೊತ್ತಾಯಿತು ಸರ್. ಆತನ ತಮ್ಮನದು ನಮ್ಮ ಪಕ್ಕದ ಊರಿನಲ್ಲೇ ಗ್ಯಾರೇಜ್ ಇದೆ. ಭಾನುವಾರ ಹೋಗಿ ಕೇಳುತ್ತೇನೆ.